ಹಳೆಯ ಪಿಕಪ್‌ನ ಹಣೆಗೆ ತಗಡಿನ ವೈಸರ್: ನನ್ನ ಅನುಭವ

ಬಿಸಿಲಿಗೆ ಮರೆಯಾಗಲೆಂದು ನನ್ನ ಪಿಕಪ್‌ನ ಮುಂಗಾಜಿನ ಮೇಲೆ ಹೊರಗಡೆ ಚಾಚುವಂತೆ ತಗಡಿನ ವೈಸರ್ ಕೂರಿಸಲು ಹೊರಟಾಗ, ಎಂಬತ್ತರ ವೇಗ ಮುಟ್ಟಿದರೆ ಅದು ಗಾಳಿಪಟವಾಗುತ್ತದೆ ಎಂದವರು ಒಬ್ಬಿಬ್ಬರಲ್ಲ. ಟಿಂಕರಿಂಗ್ ಮೇಸ್ತ್ರಿಯಂತೂ ತಗಡನ್ನು ಬೆರಳಿನಿಂದ ಬಡಿದು ನೋಡಿ, "ಹಿಂದೆ ಬರುವವರ ಗಾಜು ಒಡೆದರೆ ದುಡ್ಡು ಕಟ್ಟುವವರು ನೀವೇ ಸ್ವಾಮಿ" ಎಂದು ನಕ್ಕಿದ್ದರು. ಈಗ ಅದೇ ವೈಸರ್ ಎರಡು ಬೇಸಿಗೆ, ಒಂದು ಮಳೆಗಾಲ ಕಂಡು ಸುಮಾರು 11,000 ಕಿ.ಮೀ. ಓಡಿದೆ. ಇದ್ದಲ್ಲಿಯೇ ಇದೆ. ಹಾಗಾಗಿ ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಸಿದ್ಧ ವೈಸರನ್ನು ಏಕೆ ಕೊಳ್ಳಲಿಲ್ಲ ಎಂದರೆ, ನನ್ನ ಗಾಡಿಯ ಅಳತೆಗೆ ಹೊಂದುವ ಒಂದೇ ಒಂದು ಸಿಕ್ಕಿತ್ತು. ಅದರ ಬೆಲೆಗೆ ಎರಡು ಹೊಸ ಟೈರು ಬರುತ್ತಿದ್ದವು. ಟೈರುಗಳೂ ಸವೆದಿದ್ದವು. ಟೈರು ಕೊಂಡೆ, ವೈಸರನ್ನು ನಾನೇ ಮಾಡುತ್ತೇನೆ ಎಂದು ಹೊರಟೆ. ಉಳಿತಾಯವೆಂದು ಆರಂಭಿಸಿದ ಈ ಕೆಲಸಕ್ಕೆ ಕೊನೆಗೆ ಎಷ್ಟು ಖರ್ಚಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯದು 0.9 ಮಿ.ಮೀ. ತಗಡು. ಉದ್ದ ಸುಮಾರು 140 ಸೆಂ.ಮೀ., ಮುಂದಕ್ಕೆ ಚಾಚಿದ್ದು 25. ಬಾಗಿಲಿನ ಮೇಲೆ ಮಳೆನೀರು ಹರಿಯಲು ಇರುವ ಗಟರ್‌ಗೆ ಪಕ್ಕಕ್ಕೆ ಎರಡರಂತೆ ಕ್ಲಾಂಪ್, ನಡುವೆ ಏನೂ ಇಲ್ಲ. ತಗಡು ಭಾರಕ್ಕೆ ಜೋತು ಬೀಳಬಾರದೆಂದು ಗಾಜಿನ ಪಕ್ಕದ ಕಂಬಗಳಿಂದ ಎರಡು ಕಡ್ಡಿ ಆನಿಸಿ ನಿಲ್ಲಿಸಿದ್ದೆ. ಮೇಲಿನ ತುದಿಗೆ ಬೋಲ್ಟು ಹಾಕಿರಲಿಲ್ಲ. ಭಾರ ಕೂತರೆ ಅವು ಎಲ್ಲಿಗೆ ಹೋದಾವು ಎಂಬ ಧೈರ್ಯ. ಐವತ್ತಕ್ಕೆ ತಮಟೆಯ ಸದ್ದು ಶುರುವಾಯಿತು. ಅರವತ್ತು ದಾಟುತ್ತಿದ್ದಂತೆ ಬಲಗಡೆಯ ಕಡ್ಡಿ ಕಳಚಿ ಬಾನೆಟ್ ಮೇಲೆ ಬಿದ್ದು, ಅಲ್ಲಿಂದ ಪುಟಿದು ರಸ್ತೆಯ ಬದಿಗೆ ಹೋಯಿತು. ಗಾಡಿ ನಿಲ್ಲಿಸಿ ಹುಡುಕಿದೆ, ಸಿಗಲಿಲ್ಲ. ಬಾನೆಟ್‌ನ ಗೀರು ಮಾತ್ರ ಇವತ್ತಿಗೂ ಇದೆ.

ಅಲ್ಲಿ ನಿಂತಾಗಲೇ ತಲೆಗೆ ಹೊಳೆದದ್ದು: ನಾನು ಭಾರಕ್ಕೆ ಆಧಾರ ಕೊಟ್ಟಿದ್ದೆ, ಆದರೆ ಓಡುವ ಗಾಡಿಯಲ್ಲಿ ವೈಸರ್ ಕೆಳಗೆ ಬೀಳಲು ನೋಡುವುದಿಲ್ಲ, ಮೇಲೆ ಏಳಲು ನೋಡುತ್ತದೆ. ಎರಡೂವರೆ ಕಿಲೋ ತಗಡನ್ನು ಎಂಬತ್ತರ ವೇಗದಲ್ಲಿ ಗಾಳಿ ಹೆಚ್ಚುಕಡಿಮೆ ಹತ್ತು ಕಿಲೋ ಬಲದಿಂದ ಎತ್ತಬಹುದು. ವೇಗ ಅರ್ಧವಾದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಓಡಿಸಿ "ಗಟ್ಟಿಯಾಗಿದೆ" ಎಂದುಕೊಳ್ಳುವವರು ಇದೇ ಕಾರಣಕ್ಕೆ ಮೋಸಹೋಗುವುದು. ಬೇಕಾದದ್ದು ಊರುಗೋಲಲ್ಲ, ಕೆಳಕ್ಕೆ ಜಗ್ಗಿ ಹಿಡಿಯುವ ಕೈ.

ಇಷ್ಟು ತಿಳಿದ ಮೇಲೂ ಬುದ್ಧಿ ಅಡ್ಡದಾರಿ ಹಿಡಿಯಿತು. ತಗಡಿನ ಸಹವಾಸವೇ ಬೇಡವೆಂದು ಹೊಗೆಬಣ್ಣದ 5 ಮಿ.ಮೀ. ಅಕ್ರಿಲಿಕ್ ಹಾಳೆ ತಂದೆ. ಈ ಕೆಲಸದಲ್ಲಿ ಹೆಚ್ಚು ದುಡ್ಡು ತಿಂದದ್ದು ಅದೇ. ಬಿಸಿ ಮಾಡಿ ಬಗ್ಗಿಸಿದ್ದು ಚೆನ್ನಾಗಿಯೇ ಬಂದಿತ್ತು, ನೋಡಿದವರೆಲ್ಲ ಹೊಗಳಿದರು. ನಟ್ಟುಗಳು ಸಡಿಲವಾಗದಿರಲಿ ಎಂದು ಥ್ರೆಡ್ ಲಾಕ್ ದ್ರವ ಹಾಕಿ ಬಿಗಿದು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಪ್ರತಿ ತೂತಿನ ಸುತ್ತ ಜೇಡರ ಬಲೆಯಂತೆ ಬಿರುಕು. ಆ ದ್ರವ ಅಕ್ರಿಲಿಕ್‌ಗೆ ವಿಷ ಎಂಬುದು ಬಾಟಲಿಯ ಮೇಲೆಯೇ ಸಣ್ಣ ಅಕ್ಷರಗಳಲ್ಲಿತ್ತು. ತೂತುಗಳನ್ನೂ ಬೋಲ್ಟಿನಷ್ಟೇ ಅಗಲಕ್ಕೆ ಕೊರೆದಿದ್ದೆ. ಬಿಸಿಲಿಗೆ ಹಿಗ್ಗಲು ಜಾಗವೇ ಇರಲಿಲ್ಲ. ದ್ರವ ಒಡೆಯದಿದ್ದರೆ ಬಿಸಿಲೇ ಒಡೆಯುತ್ತಿತ್ತು. ನಿಮಗೆ ಪ್ಲಾಸ್ಟಿಕ್ಕೇ ಬೇಕೆಂದಿದ್ದರೆ ತೂತನ್ನು ಒಂದೆರಡು ಮಿ.ಮೀ. ದೊಡ್ಡದು ಮಾಡಿ, ರಬ್ಬರ್ ವಾಷರ್ ಮತ್ತು ನೈಲಾನ್ ಬಳೆಯ ನಟ್ಟು ಹಾಕಿ. ಒಡೆದ ಹಾಳೆಯ ಒಂದು ತುಂಡು ಈಗ ನಮ್ಮ ಮನೆಯ ಕರೆಗಂಟೆಗೆ ಮಳೆಯ ಮರೆಯಾಗಿದೆ.

ಮೂರನೆಯ ಸಲ ಮತ್ತೆ ತಗಡಿಗೆ ಬಂದೆ, ಈ ಬಾರಿ 1.2 ಮಿ.ಮೀ. ಅದಕ್ಕಿಂತ ದಪ್ಪ ಹಾಕಿದರೆ ಹಳೆಯ ಗಟರ್‌ಗೆ ಹೊರೆ. ತಮಟೆ ಸದ್ದಿಗೆ ಮದ್ದು ದಪ್ಪವಲ್ಲ, ಅಂಚು. ಬಕೆಟ್ಟಿನ ಬಾಯಿಗೆ ತಂತಿ ಇಟ್ಟು ತಗಡು ಸುತ್ತುತ್ತಾರಲ್ಲ, ಹಾಗೆಯೇ ಮುಂದಿನ ಅಂಚಿನೊಳಗೆ 6 ಮಿ.ಮೀ. ಸರಳನ್ನು ಸುತ್ತಿಸಿದೆ. ನಡುವೆ ಉದ್ದಕ್ಕೂ ಒಂದು ಸಣ್ಣ ಮಡಿಕೆ. ಬಡಿದು ನೋಡಿದರೆ ಈಗ ತಮಟೆಯಲ್ಲ, ಮರದ ಹಲಗೆ. ಸುತ್ತುವ ಕೆಲಸ ಅದೇ ಮೇಸ್ತ್ರಿಯದು. ನಗುತ್ತಲೇ ಮಾಡಿಕೊಟ್ಟರು, ಕೂಲಿಯಲ್ಲಿ ಮಾತ್ರ ನಗಲಿಲ್ಲ.

ಗಟರ್ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಗಾಡಿಯಲ್ಲಿ ಬಣ್ಣದ ಕೆಳಗೆ ಇರುವುದು ಕಬ್ಬಿಣವೋ ಪುಟ್ಟಿಯೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಸಣ್ಣ ಅಯಸ್ಕಾಂತವನ್ನು ಗಟರ್ ಉದ್ದಕ್ಕೂ ಎಳೆದುಕೊಂಡು ಹೋದೆ. ಎಡಗಡೆ ಒಂದು ಗೇಣು ಜಾಗದಲ್ಲಿ ಅದು ಹಿಡಿಯಲೇ ಇಲ್ಲ. ಕೆರೆದರೆ ಒಳಗೆ ತುಕ್ಕಿನ ಪುಡಿ. ಮೊದಲ ಪ್ರಯತ್ನದಲ್ಲಿ ನನ್ನ ಕ್ಲಾಂಪ್ ಸರಿಯಾಗಿ ಅಲ್ಲಿಯೇ ಕೂತಿತ್ತು. ಆ ಜಾಗ ಕತ್ತರಿಸಿ ಹೊಸ ಪಟ್ಟಿ ಬೆಸೆಯಲು ಎರಡು ದಿನ ಹೋಯಿತು. ಮಾಡಿನಲ್ಲಿ ತೂತು ಕೊರೆದು ಬೋಲ್ಟು ಹಾಕಿ ಎಂಬ ಸಲಹೆಯೂ ಬಂತು. ಮಳೆಯಲ್ಲಿ ತಲೆಯ ಮೇಲೆ ನೀರು ತೊಟ್ಟಿಕ್ಕುವುದು ಇಷ್ಟವಿದ್ದವರು ಹಾಗೆ ಮಾಡಬಹುದು.

ಈಗ ಪಕ್ಕಕ್ಕೆ ಮೂರರಂತೆ ಕ್ಲಾಂಪ್. ಕಡ್ಡಿಗಳ ಎರಡೂ ತುದಿಗೆ ಬೋಲ್ಟು. ನನ್ನದು ಎರಡು ತುಂಡು ಗಾಜಿನ ಗಾಡಿಯಾದ್ದರಿಂದ ನಡುವಿನ ಕಂಬದಿಂದ ಒಂದು ಪಟ್ಟಿ ವೈಸರನ್ನು ಕೆಳಕ್ಕೆ ಜಗ್ಗುತ್ತದೆ. ಕಂಬದ ಸ್ಕ್ರೂಗಳನ್ನು ಮಿತಿಮೀರಿ ಬಿಗಿದರೆ ಗಾಜಿಗೆ ಕುತ್ತು. ನಾನು ಬಿಗಿದಾಗ ಅದೃಷ್ಟಕ್ಕೆ ರಬ್ಬರ್ ಮಾತ್ರ ಹರಿಯಿತು. ಕ್ಲಾಂಪ್ ಬಣ್ಣ ತಿನ್ನಬಾರದೆಂದು ಮೊದಲು ಸೈಕಲ್ ಟ್ಯೂಬಿನ ತುಂಡು ಹಾಕಿದ್ದೆ. ಅದು ನೀರು ಹಿಡಿದುಕೊಂಡದ್ದಲ್ಲದೆ ಕ್ಲಾಂಪನ್ನು ಜಾರಿಸಿತು ಕೂಡ. ಈಗ ಅಲ್ಲಿ ಬೇರೆಯದೇ ಒಂದು ವಸ್ತು ಇದೆ, ಅಡುಗೆಮನೆಯಲ್ಲಿ ಸಿಗುವಂಥದ್ದು. ಅದನ್ನು ಕಂಡುಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು, ನೀವೂ ಸ್ವಲ್ಪ ಹುಡುಕಿ.

ರಸ್ತೆಗೆ ಇಳಿಯುವ ಮೊದಲು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಮುಂದಿನ ಅಂಚಿಗೆ ಸಿಕ್ಕಿಸಿ ಮೇಲಕ್ಕೆ ಎಳೆದೆ. ಇಪ್ಪತ್ತು ಕಿಲೋವರೆಗೆ ಕ್ಲಾಂಪ್ ಜಾರಲಿಲ್ಲ, ಅಂಚು ಎದ್ದದ್ದು ಬೆರಳಿನ ಅರ್ಧ ದಪ್ಪ. ಆಮೇಲೆ ವೈಸರ್ ಮೇಲೆ ಉಲ್ಲನ್ ದಾರದ ತುಂಡುಗಳನ್ನು ಅಂಟಿಸಿ, ಪಕ್ಕದಲ್ಲಿ ಇನ್ನೊಂದು ಗಾಡಿಯಿಂದ ಸ್ನೇಹಿತನಿಗೆ ನೋಡಲು ಹೇಳಿದೆ. ಹಿಂದಿನ ಅಂಚಿನ ದಾರಗಳು ಹುಚ್ಚು ಹಿಡಿದಂತೆ ಸುತ್ತುತ್ತಿದ್ದವು. ವೈಸರ್ ಮತ್ತು ಮಾಡಿನ ನಡುವೆ ಸುಮಾರು 3 ಸೆಂ.ಮೀ. ಸಂದು ಬಿಟ್ಟ ಮೇಲೆ ಸುಮ್ಮನೆ ಹಿಂದಕ್ಕೆ ಮಲಗಿದವು. ಗಾಳಿಗೆ ತಪ್ಪಿಸಿಕೊಳ್ಳಲು ದಾರಿ ಕೊಟ್ಟರೆ ಅದು ಜಗಳಕ್ಕೆ ಬರುವುದಿಲ್ಲ.

ಲಾಭವೇನು ಎಂದರೆ, ಮಧ್ಯಾಹ್ನ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಉಷ್ಣಮಾಪಕ ಇಟ್ಟು ನೋಡಿದಾಗ ಏಳೆಂಟು ಡಿಗ್ರಿ ಕಡಿಮೆ ಬಂದ ನೆನಪು. ಸಂಜೆಯ ಇಳಿಬಿಸಿಲಿಗೆ ಇದು ಏನೂ ಮಾಡುವುದಿಲ್ಲ, ಒಳಗಿನ ಮಡಚುವ ಪಟ್ಟಿಯೇ ಗತಿ. ಡೀಸೆಲ್ ಸ್ವಲ್ಪ ಹೆಚ್ಚು ಕುಡಿಯುತ್ತದೆ. ಇನ್ನೊಂದು ತೊಂದರೆ ಸಿಗ್ನಲ್ ದೀಪ: ಗೆರೆಯ ಹತ್ತಿರ ನಿಂತರೆ ದೀಪ ವೈಸರ್ ಹಿಂದೆ ಮರೆಯಾಗುತ್ತದೆ. ಇಂಥ ವೈಸರ್‌ಗಳ ಕಾಲದಲ್ಲಿ ಇದಕ್ಕೆಂದೇ ಡ್ಯಾಶ್‌ಬೋರ್ಡ್ ಮೇಲೆ ಸಣ್ಣ ಪಟ್ಟಕ (ಪ್ರಿಸಂ) ಇಡುತ್ತಿದ್ದರು. ನಾನು ಬೈಕಿನ ಹಳೆಯ ಉಬ್ಬುಗನ್ನಡಿಯನ್ನು ಅಂಗಾತ ಅಂಟಿಸಿದೆ. ದೀಪ ಕಾಣುತ್ತದೆ, ಆದರೆ ತಲೆಕೆಳಗಾಗಿ, ಕೆಂಪು ಕೆಳಗೆ, ಹಸಿರು ಮೇಲೆ. ರಾತ್ರಿ ಬೀದಿದೀಪಗಳೆಲ್ಲ ಅದರಲ್ಲಿ ಮಿನುಗಿ ತಲೆ ತಿಂದದ್ದರಿಂದ ಅದನ್ನು ಕಿತ್ತೆ. ಈಗ ಗೆರೆಗಿಂತ ಒಂದು ಗಾಡಿಯಷ್ಟು ಹಿಂದೆ ನಿಲ್ಲುತ್ತೇನೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ಲೆಕ್ಕಕ್ಕೆ ಬಂದರೆ, ಈಗ ಗಾಡಿಯ ಮೇಲಿರುವ ವೈಸರ್‌ಗೆ ಆದ ಖರ್ಚು ಸಿದ್ಧ ವೈಸರಿನ ಮೂರನೇ ಒಂದು ಪಾಲು. ಅಕ್ರಿಲಿಕ್, ಮೊದಲ ತಗಡು, ಗಟರ್ ಬೆಸುಗೆ ಎಲ್ಲ ಸೇರಿಸಿದರೆ ಅದರ ಬೆಲೆಯನ್ನು ತುಸು ಮೀರುತ್ತದೆ. ಮನೆಯಲ್ಲಿ ಮೊದಲನೆಯ ಲೆಕ್ಕವನ್ನಷ್ಟೇ ಹೇಳಿದ್ದೇನೆ.

ಮೇಸ್ತ್ರಿ ಹೋದ ತಿಂಗಳು ಬಂದು ನನ್ನ ರಟ್ಟಿನ ಅಚ್ಚು ಕೇಳಿದರು, ಯಾರದೋ ಗಾಡಿಗೆ ಮಾಡಬೇಕಂತೆ. ಕೊಟ್ಟೆ. ಕ್ಲಾಂಪಿನೊಳಗಿನ ವಸ್ತು ಯಾವುದೆಂದು ಮಾತ್ರ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅರವತ್ತೈದರ ಆಸುಪಾಸಿನಲ್ಲಿ ಎಡಗಡೆಯಿಂದ ಸಣ್ಣದೊಂದು ಸೀಟಿ ಇನ್ನೂ ಕೇಳಿಸುತ್ತದೆ. ಕಡ್ಡಿಗೆ ದಾರ ಸುತ್ತಿ ನೋಡಿದ್ದಾಯಿತು, ಹೋಗಿಲ್ಲ. ಮುಂದಿನ ವಾರ ಆ ಬದಿಯ ಮೂರನೇ ಕ್ಲಾಂಪನ್ನು ಎರಡು ಬೆರಳು ಹಿಂದಕ್ಕೆ ಸರಿಸಿ ನೋಡಬೇಕು.