ಎಚ್‌ಐವಿ ಕ್ಲಾಸಿಗೆ ಸುಣ್ಣದ ತಿಳಿನೀರು

ಕಾಸರಗೋಡಿನ ಕನ್ನಡ ಮಾಧ್ಯಮದ ಟೀಚರ್‌, ಮಾಷ್ಟ್ರುಗಳಿಗೆ ಎಚ್‌ಐವಿ ಹೇಗೆ ಹರಡುತ್ತದೆ ಅಂತ ತೋರಿಸಲು ಒಂದು ಉಪಾಯ. ಹೈಸ್ಕೂಲ್ ಮಕ್ಕಳಿಗೆಲ್ಲ ಅರ್ಧರ್ಧ ಲೋಟ ನೀರು ಕೊಡಿ, ಒಂದೆರಡು ಲೋಟದಲ್ಲಿ ಮಾತ್ರ ವೀಳ್ಯದ ಸುಣ್ಣ ಕದಡಿ ರಾತ್ರಿಯಿಡೀ ಮುಚ್ಚಿಟ್ಟು ಬಸಿದ ತಿಳಿನೀರು ಇರಲಿ, ಅದು ಎಚ್‌ಐವಿ ಅಂತ ಲೆಕ್ಕ. ಕೆಲವು ಲೋಟಕ್ಕೆ ಮುಚ್ಚಳ ಹಾಕಿ, ಅದು ಕಾಂಡೋಮ್ ಅಂತ ಲೆಕ್ಕ. ಉಳಿದವರು ಮೂರು ಸಲ ಬೇರೆ ಬೇರೆಯವರ ಜೊತೆ ನೀರು ಬೆರೆಸಿ ಹಂಚಿಕೊಳ್ಳಲಿ. ಕೊನೆಗೆ ಅರಶಿನ ನೀರು ಬಿಟ್ಟರೆ ಸುಣ್ಣ ಸೇರಿದ್ದೆಲ್ಲ ಕೆಂಪಾಗುತ್ತದೆ, ಉಳಿದದ್ದು ಹಳದಿ. ಎಚ್‌ಐವಿ ಕಣ್ಣಿಗೆ ಕಾಣುವುದಿಲ್ಲ, ಪರೀಕ್ಷೆ ಮಾಡಿದರೇ ಗೊತ್ತಾಗುವುದು ಅಂತ ಭಾಷಣವಿಲ್ಲದೆ ತಲೆಗೆ ಹೋಗುತ್ತದೆ. ಸುಣ್ಣದ ನೀರು ತೆರೆದಿಟ್ಟರೆ ಕೆನೆಗಟ್ಟಿ ಸಪ್ಪೆಯಾಗುತ್ತದೆ, ಆಗ ಬಣ್ಣ ಬರುವುದಿಲ್ಲ. ಯಾರೂ ಕುಡಿಯಬಾರದು, ಬಾಯಿ ಸುಡುತ್ತದೆ. ಆದರೆ ಲೋಟ ಹಂಚಿಕೊಂಡರೆ ಎಚ್‌ಐವಿ ಬರುತ್ತದೆ ಅಂತ ಮಕ್ಕಳು ತಿಳಿದರೆ ಇಡೀ ಕ್ಲಾಸೇ ಹಾಳು! ನೀರು ಬೆರೆಸುವುದು ಅಂದರೆ ಅಸುರಕ್ಷಿತ ಲೈಂಗಿಕ ಸಂಪರ್ಕ, ಒಬ್ಬರ ಸೂಜಿ ಇನ್ನೊಬ್ಬರು ಬಳಸುವುದು. ಒಟ್ಟಿಗೆ ಊಟ ಮಾಡುವುದಲ್ಲ, ಕೈ ಹಿಡಿಯುವುದಲ್ಲ ಅಂತ ಮೊದಲೇ ಹೇಳಿಬಿಡಿ. ಮೊದಲ ಸುಣ್ಣದ ಲೋಟ ಯಾರದ್ದು ಅಂತ ಹುಡುಕಲೂ ಬಿಡಬೇಡಿ, ಗೇಲಿ ಶುರುವಾಗುತ್ತದೆ. ಪರೀಕ್ಷೆ ಎಲ್ಲಿ ಅಂತ ಕೇಳೇ ಕೇಳ್ತಾರೆ: ಸರಕಾರಿ ಆಸ್ಪತ್ರೆಯ ಜ್ಯೋತಿಸ್ ಕೇಂದ್ರ, ಖರ್ಚಿಲ್ಲ. ಸಹಾಯವಾಣಿ 1097.