ಜೋನಿ ಬೆಲ್ಲ ನಂಬಿ 113 ಕಿಲೋಮೀಟರ್: ನನ್ನ ಅನುಭವ

ಕಳೆದ ಫೆಬ್ರವರಿಯಲ್ಲಿ ಸಖರಾಯಪಟ್ಟಣದ ಕಡೆ ನಾವೇ ಒಂದಷ್ಟು ಜನ ಸೇರಿ ನಡೆಸಿದ ಹಾಫ್ ಟ್ರಯಥ್ಲಾನನ್ನು (ಒಂದರ ಹಿಂದೆ ಒಂದು 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21 ಕಿಲೋಮೀಟರ್ ಓಟ) 6 ಗಂಟೆ 20 ನಿಮಿಷದಲ್ಲಿ ಮುಗಿಸಿದೆ. ರೇಸಿನ ನಡುವೆ ಶಕ್ತಿಗೆ ಅಂತ ನುಂಗುವ ಸಕ್ಕರೆ ಪಾಕದ ಪೊಟ್ಟಣ, ಅಂದರೆ ಜೆಲ್, ಒಂದೇ ಒಂದೂ ಮುಟ್ಟಲಿಲ್ಲ. ಕುಡಿದದ್ದು ಪಾಕದ ಹಾಗಿರುವ ಜೋನಿ ಬೆಲ್ಲ, ತಿಂದದ್ದು ಹುಣಸೆ ಉಂಡೆ, ಅಂದರೆ ಚಿಗಳಿ. ಹೊಟ್ಟೆ ಒಂದು ಸಲವೂ ಕೈಕೊಡಲಿಲ್ಲ. ಮೂವತ್ತು ಜನರಲ್ಲಿ ಏಳನೆಯವನಾಗಿ ಬಂದೆ, ನನ್ನ ವಯಸ್ಸು 43. ಇದು ಆಗುವ ಮಾತಲ್ಲ ಅಂತ ಎರಡು ವರ್ಷ ಕೇಳಿಸಿಕೊಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸೂಪರ್‌ವೈಸರ್. ಜನವರಿಯಿಂದ ಮಾರ್ಚ್‌ವರೆಗೆ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಪ್ರಾಕ್ಟೀಸ್ ಏನಿದ್ದರೂ ಬೆಳಗ್ಗೆ ಐದರಿಂದ ಏಳೂವರೆ, ಭಾನುವಾರ ಮಾತ್ರ ಐದು ಗಂಟೆ. ಇಷ್ಟರಲ್ಲೇ ಆಗಬೇಕು.

ಮೊದಲು ಸೋತ ಕಥೆ ಹೇಳುತ್ತೇನೆ. ಮೊದಲನೇ ಸಲ ಸಮುದ್ರ ತೀರದ ಒಂದು ದೊಡ್ಡ ರೇಸಿಗೆ ಹೋದೆ. ಎಂಟ್ರಿ ಫೀಸು, ಸೈಕಲ್ ಪ್ಯಾಕ್ ಮಾಡಿಸಿದ್ದು, ರೂಮು, ಊಟ, ಎಲ್ಲ ಸೇರಿ ಹತ್ತಿರ ಹತ್ತಿರ 50 ಸಾವಿರ. ಎಲ್ಲರೂ ಹೇಳಿದರು ಅಂತ ಎಂಟು ಜೆಲ್ ಕೊಂಡೆ, ಒಂದೊಂದಕ್ಕೆ 130 ರೂಪಾಯಿ ಇರಬೇಕು. ಪ್ರಾಕ್ಟೀಸಿನಲ್ಲಿ ಅಷ್ಟು ದುಡ್ಡು ಯಾರು ಸುರೀತಾರೆ ಅಂತ ಒಂದೆರಡು ಮಾತ್ರ ತಿಂದು ನೋಡಿದ್ದೆ. ರೇಸಿನ ದಿನ ಸೈಕಲ್ ಮೇಲೆ ಆರು ತಿಂದೆ, ನೀರು ಕಡಿಮೆ ಕುಡಿದೆ. ಓಟದ ಆರನೇ ಕಿಲೋಮೀಟರಿಗೆ ಹೊಟ್ಟೆ ಹಿಂಡಲು ಶುರುವಾಯಿತು. 14ಕ್ಕೆ ರಸ್ತೆ ಪಕ್ಕ ಕೂತುಬಿಟ್ಟೆ. ಅಲ್ಲಿಗೆ ಮುಗಿಯಿತು. ಕಾಲು ಚೆನ್ನಾಗಿಯೇ ಇತ್ತು. ಅದೇ ನನ್ನನ್ನು ಕೊರೆದದ್ದು. ಕಾಲು ಸೋತಿದ್ದರೆ ಒಪ್ಪಿಕೊಳ್ಳುತ್ತಿದ್ದೆ.

ಆ ವರ್ಷ ಸಾಗರದಿಂದ ಅಕ್ಕ ಬಂದಾಗ ಎಂದಿನಂತೆ ಒಂದು ಡಬ್ಬ ಜೋನಿ ಬೆಲ್ಲ ತಂದಿದ್ದಳು. ಭಾವನ ಪಕ್ಕದ ತೋಟದಲ್ಲೇ ಆಲೆಮನೆ. ಬೆಳಗ್ಗೆ ದೋಸೆಗೆ ಸುರಿದುಕೊಂಡು ತಿನ್ನುತ್ತಾ ಚಮಚ ಎತ್ತಿದೆ. ದಾರದ ಹಾಗೆ ಇಳಿಯಿತು. ಜೆಲ್ ಕೂಡ ಹೀಗೇ ಇಳಿಯುತ್ತದಲ್ಲ? ಅಚ್ಚು ಬೆಲ್ಲ ಆದರೆ ಕರಗಿಸಬೇಕು, ಸೋಸಬೇಕು. ಇದು ಆಗಲೇ ಪಾಕ. ಒಂದು ಕಿಲೋಗೆ 120 ರೂಪಾಯಿ ಆಸುಪಾಸು.

ವಿಷಯ ಹೊರಗೆ ಬಿದ್ದದ್ದೇ ತಡ, ಎಲ್ಲರಿಂದಲೂ ಬೇಡ ಅನ್ನುವ ಮಾತೇ. ಹಾಸನದ ಗೆಳೆಯ ನನಗಿಂತ ಚೆನ್ನಾಗಿ ಈಜುವವನು, ಅವನ ಮಾತಿಗೆ ನಾನು ಬೆಲೆ ಕೊಡುತ್ತೇನೆ. "ಬೆಲ್ಲದಲ್ಲಿ ಎಷ್ಟಿದೆ ಅಂತ ಅಳತೆ ಇಲ್ಲ ಮಾರಾಯ. ಒಂದೊಂದು ಡಬ್ಬ ಒಂದೊಂದು ಥರ. ರೇಸಲ್ಲಿ ಪ್ರಯೋಗ ಮಾಡಬೇಡ" ಅಂದ. ಅಮ್ಮ "ಬೆಲ್ಲ ಉಷ್ಣ ಕಣೋ, ಬಿಸಿಲಲ್ಲಿ ಅಷ್ಟು ತಿಂದರೆ ಮೂಗಲ್ಲಿ ರಕ್ತ ಬರುತ್ತೆ" ಅಂದಳು. ಬೆಂಗಳೂರಿನ ಒಬ್ಬ ಕೋಚ್ ಫೋನಿನಲ್ಲಿ ನಕ್ಕುಬಿಟ್ಟರು.

ಎರಡನೇ ರೇಸಿನಲ್ಲಿ ಅವರ ಮಾತೇ ನಿಜ ಅನ್ನುವ ಹಾಗಾಯಿತು. ಹಿಂದಿನ ರಾತ್ರಿಯೇ ಜೋನಿ ಬೆಲ್ಲಕ್ಕೆ ನೀರು, ನಿಂಬೆರಸ, ಉಪ್ಪು ಸೇರಿಸಿ ಎರಡು ಬಾಟಲಿ ತುಂಬಿಟ್ಟೆ. ಫ್ರಿಜ್ ಇಲ್ಲದ ರೂಮು. ಬೆಳಗ್ಗೆ ಈಜಿ ಬರುವವರೆಗೆ ಬಾಟಲಿ ಬಿಸಿಲಲ್ಲೇ ಇತ್ತು. ಸೈಕಲ್ ಮೇಲೆ ಹಲ್ಲಲ್ಲಿ ಮುಚ್ಚಳ ಎಳೆದೆ. ಪುಸ್ ಅಂತ ನೊರೆ ಉಕ್ಕಿ ಮುಖ, ಕನ್ನಡಕ, ಹ್ಯಾಂಡಲ್ ಎಲ್ಲ ಅಂಟು. ಹುಳಿ ವಾಸನೆ ಬಡಿಯಿತು. ಹುದುಗಿಬಿಟ್ಟಿತ್ತು. ಬೇರೇನೂ ಇರಲಿಲ್ಲ, ಕುಡಿದೆ. ಓಟದ ಒಂಬತ್ತನೇ ಕಿಲೋಮೀಟರಿನಲ್ಲಿ ಎಲ್ಲ ವಾಂತಿ. ಉಳಿದ 12 ಕಿಲೋಮೀಟರ್ ನಡೆದುಕೊಂಡೇ ಮುಗಿಸಿದೆ, 7 ಗಂಟೆ 40 ನಿಮಿಷ.

ಮನೆಗೆ ಬಂದ ಮೇಲೆ ಡಬ್ಬ ತೆಗೆದು ನೋಡಿದೆ. ಡಬ್ಬದಲ್ಲಿದ್ದ ಬೆಲ್ಲ ಎಂಟು ತಿಂಗಳಾದರೂ ಹಾಗೇ ಇದೆ, ಹುಳಿ ಇಲ್ಲ, ನೊರೆ ಇಲ್ಲ. ಆಗ ಹೊಳೆಯಿತು. ತಪ್ಪು ಬೆಲ್ಲದ್ದಲ್ಲ, ನೀರಿನದ್ದು. ಗಟ್ಟಿ ಇದ್ದಷ್ಟು ದಿನ ಕೆಡುವುದಿಲ್ಲ, ನೀರು ಬೆರೆಸಿದ ಕ್ಷಣದಿಂದ ಲೆಕ್ಕ ಶುರು. ಅವತ್ತಿನಿಂದ ಬೆಲ್ಲ ಬೇರೆ, ನೀರು ಬೇರೆ. ಮೆತ್ತನೆಯ ಸಣ್ಣ ಫ್ಲಾಸ್ಕ್ ಎರಡು ಕೊಂಡೆ, 400 ರೂಪಾಯಿಗೆ ಒಂದು. ಅದರಲ್ಲಿ ನೀರು ಬೆರೆಸದ ಜೋನಿ ಬೆಲ್ಲ. ಸೈಕಲ್ ಬಾಟಲಿಯಲ್ಲಿ ನೀರು, ಲೀಟರಿಗೆ ಅರ್ಧ ಚಮಚಕ್ಕಿಂತ ಕೊಂಚ ಕಡಿಮೆ ಉಪ್ಪು, ನಿಂಬೆ. ಒಂದು ಗುಟುಕು ಬೆಲ್ಲ, ಮೇಲಿಂದ ಎರಡು ಗುಟುಕು ನೀರು.

ಡಬ್ಬದಿಂದ ನೇರ ಸುರಿದರೆ ಫ್ಲಾಸ್ಕಿನ ಬಾಯಿ ಕಟ್ಟಿಕೊಳ್ಳುತ್ತದೆ. ತಳದಲ್ಲಿ ಹರಳು ಕೂತಿರುತ್ತದೆ, ಕಬ್ಬಿನ ಸಿಪ್ಪೆಯ ಚೂರು ಕೂಡ ಇರುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮೇಲೆ ಬರುವ ಕೊಳೆ ತೆಗೆದು, ಹಳೇ ಪಂಚೆಯಲ್ಲಿ ಎರಡು ಸಲ ಸೋಸುತ್ತೇನೆ. ಬೆರಳಿನ ನಡುವೆ ಎಳೆದರೆ ಒಂದೆಳೆ ಬರಬಾರದು, ಆದರೆ ನೀರಿನ ಹಾಗೂ ಜಾರಬಾರದು. ಆರುವ ಮೊದಲು ಅದಕ್ಕೆ ಒಂದು ಸಾಮಾನು ಬೀಳುತ್ತದೆ, ಸಿಹಿ ಮುಖಕ್ಕೆ ಹೊಡೆಯದ ಹಾಗೆ ತಡೆಯುವುದು ಅದೇ. ನಮ್ಮಮ್ಮ ಹೇಳಿಕೊಟ್ಟದ್ದು, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ಅಳತೆ ಇಲ್ಲ ಅಂದಿದ್ದನಲ್ಲ ಗೆಳೆಯ, ಅದಕ್ಕೆ ಅಡುಗೆಮನೆ ತಕ್ಕಡಿ ತಂದೆ. ಜೋನಿಯಲ್ಲಿ ಮೂರನೇ ಒಂದು ಪಾಲು ನೀರು ಅಂತಲೇ ಲೆಕ್ಕ ಹಿಡಿದೆ. ಗಂಟೆಗೆ 90 ಗ್ರಾಂ ಜೋನಿ ಅಂದರೆ 60 ಗ್ರಾಂ ಸಕ್ಕರೆ. ನಿಖರ ಅಲ್ಲ, ಐದು ಗ್ರಾಂ ಆಚೀಚೆ. ಐದು ಗ್ರಾಂಗೆ ಯಾರ ರೇಸೂ ಕೆಡುವುದಿಲ್ಲ.

ಆದರೆ ನಿಜವಾಗಿ ಗೆದ್ದದ್ದು ಬೆಲ್ಲದಿಂದಲ್ಲ, ಹೊಟ್ಟೆಗೆ ಕೊಟ್ಟ ಪ್ರಾಕ್ಟೀಸಿನಿಂದ. 12 ಭಾನುವಾರ, ಒಂದೂ ತಪ್ಪಿಸದೆ, ರೇಸಿನಲ್ಲಿ ತಿನ್ನುವುದನ್ನೇ ತಿಂದೆ. ಮೊದಲ ಮೂರು ವಾರ ಗಂಟೆಗೆ 40 ಗ್ರಾಂ ಸಕ್ಕರೆ. ನಾಲ್ಕನೇ ವಾರ 50ಕ್ಕೆ ಏರಿಸಿದಾಗ ಹೊಟ್ಟೆ ಗುಡುಗುಟ್ಟಿತು, ಮತ್ತೆರಡು ವಾರ ಅಲ್ಲೇ ನಿಂತೆ. ಎಂಟನೇ ವಾರಕ್ಕೆ 60 ಆರಾಮ. ಜೆಲ್ ಆಗಿದ್ದರೆ ಈ 12 ವಾರಕ್ಕೆ 12-13 ಸಾವಿರ ಬೇಕಿತ್ತು. ನನಗೆ ಖರ್ಚಾದ ಬೆಲ್ಲ ಐದು ಕಿಲೋ ಹತ್ತಿರ. ಅಗ್ಗ ಅಂತಲ್ಲ ನನ್ನ ವಾದ. ಅಗ್ಗ ಇದ್ದದ್ದರಿಂದಲೇ ಪ್ರತಿ ವಾರ ಕೈಬಿಚ್ಚಿ ತಿಂದು ಅಭ್ಯಾಸ ಮಾಡಲು ಆಯಿತು.

ನಡುವೆ ಬೇರೆ ಬೇರೆ ಪ್ರಯೋಗಗಳೂ ನಡೆದವು. ರಾಗಿ ಅಂಬಲಿ ಸೈಕಲ್ ಮೇಲೆ ಕುಡಿದೆ. ಬೆಳಗಿನ ತಿಂಡಿಗೆ ಅದಕ್ಕೆ ಸಮ ಇಲ್ಲ, ಆದರೆ ರೇಸಿನ ವೇಗದಲ್ಲಿ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರುತ್ತದೆ. ಖರ್ಜೂರ ಚೆನ್ನಾಗಿದೆ, ಅಗಿಯುತ್ತಾ ಉಸಿರು ತಪ್ಪುತ್ತದೆ. ಏಲಕ್ಕಿ ಬಾಳೆ ಮೊದಲ ಒಂದು ಗಂಟೆಗೆ ಸರಿ. ಗೆದ್ದದ್ದು ಚಿಗಳಿ. ಹುಣಸೆ, ಬೆಲ್ಲ, ಉಪ್ಪು, ಚಿಟಿಕೆ ಜೀರಿಗೆ ಕುಟ್ಟಿ ಗೋಲಿಯಷ್ಟು ಉಂಡೆ. ಓಡುವಾಗ ಕೆನ್ನೆಯಲ್ಲಿ ಇಟ್ಟುಕೊಂಡರೆ ಬಾಯಿ ಒಣಗುವುದಿಲ್ಲ, ಸಿಹಿ ಸಾಕಾದ ನಾಲಿಗೆಗೆ ಜೀವ ಬರುತ್ತದೆ.

ಬೆವರಿನ ಲೆಕ್ಕವನ್ನೂ ಮಾಡಿದೆ. ಕಾಫಿ ಚೀಲ ತೂಗುವ ತಕ್ಕಡಿ ನಮ್ಮಲ್ಲೇ ಇದೆ, ಓಡುವ ಮೊದಲು ಮತ್ತು ಆಮೇಲೆ ನಿಂತು ನೋಡುತ್ತಿದ್ದೆ. ಚಿಕ್ಕಮಗಳೂರಿನ ಬೆಳಗಿನ ಚಳಿಯಲ್ಲಿ ಎರಡು ಗಂಟೆಗೆ 900 ಗ್ರಾಂ ಇಳಿದರೆ, ಕಡೂರಿನ ಬಯಲಲ್ಲಿ ಬೆಳಗ್ಗೆ ಹತ್ತು ಗಂಟೆಯ ಬಿಸಿಲಿಗೆ ಓಡಿ ಬಂದ ದಿನ ಹತ್ತಿರ ಎರಡು ಕಿಲೋ ಇಳಿದಿತ್ತು. ನಲವತ್ತು ಕಿಲೋಮೀಟರ್ ದೂರ ಅಷ್ಟೇ. ಅಲ್ಲಿಗೆ ಇಳಿದರೆ ಮಲೆನಾಡು ಮುಗಿದು ತೆಂಗಿನ ಸೀಮೆ. ನಮ್ಮ ಊರಿನವರು ಮುಳ್ಳಯ್ಯನಗಿರಿ ಏರಿಳಿದು ಗಟ್ಟಿಯಾಗಿರುತ್ತೇವೆ, ಬಿಸಿಲಿಗೆ ಮಾತ್ರ ಸಿದ್ಧ ಇರುವುದಿಲ್ಲ. ಹಾಗಾಗಿ ಕೊನೆಯ ಐದು ಭಾನುವಾರ ಬೆಟ್ಟದ ಕಡೆಯ ಕೈಮರದ ದಾರಿ ಬಿಟ್ಟು ಬಿಸಿಲಿನ ಕಡೆಗೇ ಹೋದೆ.

ಈಜಿನ ಬಗ್ಗೆ ಜಾಸ್ತಿ ಬರೆಯಲು ಇಲ್ಲ, ಆದರೆ ಹೊಂಡದ ವಿಷಯ ಹೇಳಲೇಬೇಕು. ಚಿಕ್ಕಪ್ಪನ ಜಮೀನಿನಲ್ಲಿ ಕೃಷಿ ಹೊಂಡ ಇದೆ, 21 ಮೀಟರ್ ಅಗಲ, 21 ಉದ್ದ, ಮೂರು ಮೀಟರ್ ಆಳ. ಎರಡು ಹಳೇ ಸೈಕಲ್ ಟ್ಯೂಬ್ ಗಂಟು ಹಾಕಿ ದಂಡೆಯ ಕಲ್ಲುಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಸೊಂಟಕ್ಕೆ. ಕೈ ಬೀಸುತ್ತಲೇ ಇರಬೇಕು, ನಿಂತರೆ ಟ್ಯೂಬ್ ಹಿಂದಕ್ಕೆ ಎಳೆಯುತ್ತದೆ. 40 ನಿಮಿಷ ಹೀಗೆ ಈಜಿದರೆ ಕೆರೆಯಲ್ಲಿ 46 ನಿಮಿಷ ಏನೂ ಅನ್ನಿಸುವುದಿಲ್ಲ. ಆದರೆ ಹೊಂಡಕ್ಕೆ ಹಾಸಿರುವ ಪ್ಲಾಸ್ಟಿಕ್ ಪಾಚಿ ಕಟ್ಟಿ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಈಜು ಬಂದವರೂ ಹತ್ತಲು ಆಗದೆ ಸತ್ತಿದ್ದಾರೆ. "ಹಗ್ಗ ಇಲ್ಲದೆ ಇಳಿದರೆ ನಾಳೆಯಿಂದ ಗೇಟ್ ತೆಗೆಯಲ್ಲ ಕಣೋ" ಅಂತ ಚಿಕ್ಕಪ್ಪ ಮೊದಲ ದಿನವೇ ಹೇಳಿದರು. ಮೊಳಕ್ಕೊಂದು ಗಂಟಿರುವ ದಪ್ಪ ಹಗ್ಗ ಎರಡು ಕಡೆ ಇಳಿಬಿಟ್ಟೆವು, ನಾನು ನೀರಿನಲ್ಲಿ ಇರುವಷ್ಟು ಹೊತ್ತು ದಂಡೆ ಮೇಲೆ ಒಬ್ಬರು ಇರಲೇಬೇಕು. ದಯವಿಟ್ಟು ಯಾರೂ ಒಬ್ಬರೇ ಇಳಿಯಬೇಡಿ.

ಸೈಕಲ್ ಸೆಕೆಂಡ್ ಹ್ಯಾಂಡ್, 38 ಸಾವಿರದ್ದು. ಮೊಣಕೈ ಊರುವ ಬಾರ್ ಮೂರೂವರೆ ಸಾವಿರ. ಟೈರ್ ಮಾತ್ರ ಹೊಸದು ಹಾಕಿಸಿದೆ, ಅದರಲ್ಲಿ ಉಳಿತಾಯ ಮಾಡಬೇಡಿ.

ರೇಸಿನ ದಿನ ಆರೂಮುಕ್ಕಾಲಿಗೆ ಕೆರೆಗೆ ಇಳಿದೆವು. ಕೆರೆಯ ಹೆಸರು ಬರೆಯುವುದಿಲ್ಲ, ಊರಿನವರು ನಂಬಿಕೆ ಮೇಲೆ ಬಿಟ್ಟಿದ್ದಾರೆ. ಹಳದಿ ಕ್ಯಾನುಗಳೇ ಗುರುತು, ಮೀನು ಹಿಡಿಯುವವರ ಎರಡು ತೆಪ್ಪಗಳೇ ಕಾವಲು. 1.9 ಕಿಲೋಮೀಟರ್, 46 ನಿಮಿಷ. ಸೈಕಲ್ ಹತ್ತಿ ಹತ್ತು ನಿಮಿಷ ಏನೂ ಬಾಯಿಗೆ ಹಾಕಲಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ಮೊದಲ ಗುಟುಕು. ಆಮೇಲೆ ವಾಚು ಪ್ರತಿ 15 ನಿಮಿಷಕ್ಕೆ ಕೂಗಿದಾಗಲೆಲ್ಲ, ಬೇಕೆನಿಸಲಿ ಬಿಡಲಿ, ಒಂದು ಗುಟುಕು.

ಕಡೂರಿನ ಕಡೆಗೆ 15 ಕಿಲೋಮೀಟರ್ ಹೋಗಿ ಬರುವುದು, ಮೂರು ಸಲ. ಹೋಗುವಾಗ ಇಳಿಜಾರು, ಆದರೆ ಎದುರು ಗಾಳಿ. ಬರುವಾಗ ಗಾಳಿ ಬೆನ್ನಿಗೆ, ರಸ್ತೆ ಮಾತ್ರ ಕಣ್ಣಿಗೆ ಕಾಣದ ಹಾಗೆ ಏರುತ್ತದೆ. ಎದೆಬಡಿತ 142 ದಾಟಲು ಬಿಡಲಿಲ್ಲ. ಮೊದಲ ಸುತ್ತಿನಲ್ಲಿ ಹತ್ತಾರು ಜನ ನನ್ನನ್ನು ದಾಟಿ ಹೋದರು, ಹೋಗಲಿ ಅಂತ ಬಿಟ್ಟೆ. ಮೂರನೇ ಸುತ್ತಿನಲ್ಲಿ ಅವರಲ್ಲಿ ಆರು ಜನ ನನ್ನ ಹಿಂದೆ. ಮೂರು ಗಂಟೆ 14 ನಿಮಿಷಕ್ಕೆ 90 ಕಿಲೋಮೀಟರ್. ಫ್ಲಾಸ್ಕ್ ತೂಗಿದರೆ 300 ಗ್ರಾಂ ಹತ್ತಿರ ಖಾಲಿ. ನಲವತ್ತು ರೂಪಾಯಿ ಒಳಗಿನ ಬೆಲ್ಲ.

ಸೈಕಲ್ ಇಳಿಯುವ ಹೊತ್ತಿಗೆ ನನಗೆ ಒಂದೇ ಭಯ, ಹೊಟ್ಟೆ. ಓಟದ ಆರನೇ ಕಿಲೋಮೀಟರ್ ಬಂತು, ಏನೂ ಇಲ್ಲ. ಒಂಬತ್ತು ಬಂತು, ಏನೂ ಇಲ್ಲ. ನೆರಳೇ ಇಲ್ಲದ ಕೆರೆ ಏರಿಯ ಮೇಲೆ ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಒದ್ದೆ ಟವೆಲ್ ಕುತ್ತಿಗೆಗೆ, ನಾಲ್ಕು ಕಿಲೋಮೀಟರಿಗೊಂದು ಚಿಗಳಿ, ನಡುನಡುವೆ ಬೆಲ್ಲ. 14 ದಾಟಿದಾಗ, ಮೊದಲ ರೇಸಿನಲ್ಲಿ ರಸ್ತೆ ಪಕ್ಕ ಕೂತ ಅದೇ 14 ದಾಟಿದಾಗ, ಕಣ್ಣು ತುಂಬಿ ಬಂತು. 16ಕ್ಕೆ ಬಲ ಮೀನಖಂಡ ಸ್ವಲ್ಪ ಹಿಡಿಯಿತು. ಅದಕ್ಕೆ ನನ್ನದೊಂದು ಉಪ್ಪಿನ ಲೆಕ್ಕ ಇದೆ, ಇನ್ನೊಂದು ರೇಸಿನಲ್ಲಿ ನೋಡಿ ಆಮೇಲೆ ಹೇಳುತ್ತೇನೆ. 2 ಗಂಟೆ 13 ನಿಮಿಷದ ಓಟ. ಕೊನೆಯ ಎರಡು ಕಿಲೋಮೀಟರ್ ಮೊದಲಿನ ಎರಡಕ್ಕಿಂತ ಜೋರಾಗಿತ್ತು.

ಹಾಸನದ ಗೆಳೆಯ ನನಗಿಂತ 20 ನಿಮಿಷ ಮೊದಲೇ ಮುಗಿಸಿ ಮಾವಿನ ಮರದ ಕೆಳಗೆ ಕೂತಿದ್ದ. ನನ್ನ ಸೊಂಟದ ಫ್ಲಾಸ್ಕ್ ಕಿತ್ತುಕೊಂಡು ಉಳಿದಿದ್ದನ್ನು ಬಾಯಿಗೆ ಹಿಂಡಿಕೊಂಡ. ಸ್ವಲ್ಪ ಹೊತ್ತು ಮಾತಿಲ್ಲ. "ಶುಂಠಿನಾ?" ಅಂದ. ಅಲ್ಲ ಅಂದೆ. "ಮತ್ತೇನು ಹಾಕಿದೀಯ ಹೇಳು ಮಾರಾಯ" ಅಂದ. ಹೇಳಲಿಲ್ಲ. ಈ ಸಲ ಆಲೆಮನೆ ಶುರುವಾದ ಕೂಡಲೇ ಅವನಿಗೂ ಒಂದು ಡಬ್ಬ ತರಿಸಬೇಕಂತೆ, ಭಾವನಿಗೆ ಹೇಳಿಟ್ಟಿದ್ದೇನೆ.