ಟರ್ಕಿ ಕಟ್ಲೆಟ್: ಕಾಣೆ ಮೀನು ಫ್ರೈ ಮಾಡಿದ ಹಾಗೆಯೇ ಮಾಡಿ

ಕಟ್ಲೆಟ್ ಅಂದ ಕೂಡಲೇ ಮಂಗಳೂರಿನ ಕಡೆಯವರಿಗೆ ನೆನಪಾಗುವುದು ಬಟಾಟೆ ಬೇಯಿಸಿ, ಖೀಮಾ ಸೇರಿಸಿ, ತಟ್ಟಿ ಕರಿಯುವ ತಿಂಡಿ. ನಾನು ಹೇಳುತ್ತಿರುವುದು ಅದಲ್ಲ. ಟರ್ಕಿ ಕೋಳಿಯ ಎದೆ ಮಾಂಸವನ್ನು ತೆಳ್ಳಗೆ ಹೋಳು ಮಾಡಿದರೆ ಅಮೆರಿಕದವರು ಅದಕ್ಕೂ ಕಟ್ಲೆಟ್ ಅಂತಲೇ ಹೇಳುತ್ತಾರೆ. ಮಸಾಲೆ ಅರೆದಿಟ್ಟಿದ್ದರೆ ರಾತ್ರಿ ಊಟಕ್ಕೆ ಕಾವಲಿ ಮುಂದೆ 15 ನಿಮಿಷ ನಿಂತರೆ ಸಾಕು.

ಮೊದಲ ಸಲ ನಾನು ಇದನ್ನು ಪೂರ್ತಿ ಹಾಳು ಮಾಡಿದ್ದೆ. ಕ್ರಿಸ್ಮಸ್ ಹೊತ್ತಿಗೆ ನೆಂಟರೊಬ್ಬರು ಒಂದು ಕಿಲೋ ಎದೆ ಮಾಂಸ ಕೊಟ್ಟಿದ್ದರು. ದೊಡ್ಡ ಕೋಳಿ ಅಲ್ವಾ, ಜಾಸ್ತಿ ಬೇಯಬೇಕು ಅಂದುಕೊಂಡು ಸುಕ್ಕಕ್ಕೆ ಮಾಡುವ ಹಾಗೆ ತುಂಡು ಮಾಡಿ, ಮುಚ್ಚಳ ಮುಚ್ಚಿ 40 ನಿಮಿಷ ಬೇಯಿಸಿದೆ. ಅತ್ತೆ ಎರಡು ತುಂಡು ಅಗಿದು, ಒಂದು ನಾರು ಎಳೆದು ಬಟ್ಟಲ ಬದಿಗಿಟ್ಟು, "ಇದ್ರಲ್ಲಿ ಹಗ್ಗ ಹೊಸೆಯಬಹುದು ಮಾರಾಯ್ತಿ" ಅಂದರು. ತಪ್ಪೇನಿಲ್ಲ, ತೆಂಗಿನ ನಾರಿಗೂ ಅದಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ.

ಎದೆ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಬಿಸಿ ಏರಿದ ಹಾಗೆ ನಾರುಗಳು ಮುದುಡುತ್ತವೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರೆಲ್ಲ ಹೊರಗೆ ಬರುತ್ತದೆ. ತೊಡೆಯಾದರೆ ಎಷ್ಟು ಬೇಯಿಸಿದರೂ ತಡೆಯುತ್ತದೆ, ಸುಕ್ಕಕ್ಕೆ ಅದೇ ಸರಿ. ಎದೆಗೆ ಮಾತ್ರ ಮೀನಿನ ಲೆಕ್ಕವೇ ಬೇಕು: ತೆಳು ತುಂಡು, ಕಾದ ಕಾವಲಿ, ಕಡಿಮೆ ಹೊತ್ತು. ಕಾಣೆ ರವಾ ಫ್ರೈ ಮಾಡಲು ಬರುವವರಿಗೆ ಇದರಲ್ಲಿ ಹೊಸತಾಗಿ ಕಲಿಯುವುದು ಹೋಳು ಮಾಡುವುದನ್ನು ಅಷ್ಟೇ.

ನಾಲ್ಕು ಜನಕ್ಕೆ ಚರ್ಮ, ಮೂಳೆ ಇಲ್ಲದ ಅರ್ಧ ಕಿಲೋ ಸಾಕು. ಫ್ರೀಜರಿನಲ್ಲಿದ್ದ ಮಾಂಸವಾದರೆ ಹಿಂದಿನ ರಾತ್ರಿಯೇ ಕೆಳಗೆ ಫ್ರಿಜ್ಜಿನೊಳಗೆ ಇಡಿ. ಅಡುಗೆ ಕಟ್ಟೆಯ ಮೇಲಿಟ್ಟು ಕರಗಿಸಬೇಡಿ, ನಮ್ಮೂರ ಸೆಕೆಗೆ ಅದು ಒಳಗೆ ಗಟ್ಟಿಯಾಗಿರುವಾಗಲೇ ಹೊರಗೆ ಕೆಡಲು ಶುರುವಾಗುತ್ತದೆ. ಪೂರ್ತಿ ಮೆತ್ತಗಾಗುವ ಮೊದಲು, ಇನ್ನೂ ಸ್ವಲ್ಪ ಬಿಗಿ ಇರುವಾಗ ಕತ್ತರಿಸಿದರೆ ಚೂರಿ ಜಾರುವುದಿಲ್ಲ. ತಾಜಾ ಮಾಂಸ ತಂದಿದ್ದರೆ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಕತ್ತರಿಸಿ.

ಈಗ ಮಾಂಸದ ಮೇಲೆ ಗೆರೆಗಳು ಯಾವ ಕಡೆಗೆ ಓಡುತ್ತಿವೆ ಅಂತ ಸರಿಯಾಗಿ ನೋಡಿ. ಅದೇ ನಾರು. ಚೂರಿ ಅದಕ್ಕೆ ಅಡ್ಡವಾಗಿ ಹೋಗಬೇಕು, ಉದ್ದಕ್ಕೆ ಹೋದರೆ ನನ್ನ ಅತ್ತೆಯ ಹಗ್ಗವೇ ಗತಿ. ಒಂದೊಂದು ಹೋಳು ಒಂದು ಸೆಂಟಿಮೀಟರ್ ದಪ್ಪ ಇರಲಿ. ಆಮೇಲೆ ಹಾಲಿನ ಪ್ಲಾಸ್ಟಿಕ್ ತೊಟ್ಟೆಯನ್ನು ತೊಳೆದು, ಸೀಳಿ, ಅದರ ನಡುವೆ ಹೋಳನ್ನಿಟ್ಟು ಲಟ್ಟಣಿಗೆಯಲ್ಲಿ ಮೆಲ್ಲಗೆ ತಟ್ಟಿ ಅರ್ಧ ಸೆಂಟಿಮೀಟರಿಗೆ ತನ್ನಿ. ಸಿಟ್ಟು ತೀರಿಸಿಕೊಳ್ಳಬೇಡಿ, ಹರಿದುಹೋಗುತ್ತದೆ. ಎಲ್ಲ ಕಡೆ ಒಂದೇ ದಪ್ಪ ಆಗಬೇಕು ಅಷ್ಟೇ, ಇಲ್ಲದಿದ್ದರೆ ತುದಿ ಒಣಗಿ ನಡು ಹಸಿ ಉಳಿಯುತ್ತದೆ. ಮುಕ್ಕಾಲು ಚಮಚ ಉಪ್ಪು ಸವರಿ ಬದಿಗಿಡಿ. ಉಪ್ಪು ಒಳಗೆ ಇಳಿದರೆ ಮಾಂಸ ನೀರು ಹಿಡಿದುಕೊಳ್ಳುತ್ತದೆ.

ಮಸಾಲೆಗೆ 8 ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಒಳ್ಳೆಮೆಣಸು (ಕಾಳುಮೆಣಸು), 6 ಎಸಳು ಬೆಳ್ಳುಳ್ಳಿ, ಚೂರು ಶುಂಠಿ, ಅರಿಶಿನ, ಸಣ್ಣ ನೆಲ್ಲಿಕಾಯಿಯಷ್ಟು ಹುಣಸೆಹುಳಿ. ಉಪ್ಪು ಬೇಡ, ಆಗಲೇ ಹಾಕಿದ್ದೀರಿ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ, ಹಾಗಾಗಿ ಮಕ್ಕಳೂ ತಿನ್ನುತ್ತಾರೆ. ಮೆಣಸನ್ನು ಬಿಸಿನೀರಿನಲ್ಲಿ ನೆನೆಸಿ, ಎರಡು ಮೂರು ಚಮಚ ನೀರಿನಲ್ಲೇ ಗಟ್ಟಿಯಾಗಿ ಅರೆಯಿರಿ. ಮಿಕ್ಸಿ ತಿರುಗುವುದಿಲ್ಲ ಅಂತ ನೀರು ಸುರಿದರೆ ಮಸಾಲೆ ಜಾರಿ ಕಾವಲಿಯಲ್ಲಿ ಉಳಿಯುತ್ತದೆ, ಹೋಳು ಬೋಳಾಗುತ್ತದೆ. ಸವರಿದ ಮೇಲೆ ಅರ್ಧ ಗಂಟೆ ಸಾಕು. ಇಷ್ಟು ತೆಳು ಮಾಂಸವನ್ನು ರಾತ್ರಿಯಿಡೀ ಹುಳಿಯಲ್ಲಿ ಬಿಟ್ಟರೆ ಮೇಲ್ಭಾಗ ಹಿಟ್ಟುಹಿಟ್ಟಾಗುತ್ತದೆ.

ಮಾಂಸ ನೆನೆಯುವಷ್ಟರಲ್ಲಿ ಒಂದು ಕಥೆ. ಟರ್ಕಿ ಕೋಳಿ ಅಮೆರಿಕ ಖಂಡದ ಹಕ್ಕಿ, ಟರ್ಕಿ ದೇಶಕ್ಕೂ ಅದಕ್ಕೂ ಹೆಸರಿನ ಗೊಂದಲ ಬಿಟ್ಟರೆ ಸಂಬಂಧ ಇಲ್ಲ. 1612ರಲ್ಲಿ ಗೋವಾದಿಂದ ಒಂದು ಟರ್ಕಿ ಜಹಾಂಗೀರ್ ಬಾದಶಹನ ಆಸ್ಥಾನ ಸೇರಿತು. ಅದರ ವೇಷ ಕಂಡು ಬೆರಗಾದ ಬಾದಶಹ ಚಿತ್ರ ಬರೆಸಿದ, ಆಸ್ಥಾನದ ಚಿತ್ರಕಾರ ಮನ್ಸೂರ್ ಬರೆದ ಟರ್ಕಿಯ ಚಿತ್ರ ಈಗಲೂ ಇದೆ.

ಸರಿ, ಒಲೆ ಹಚ್ಚಿ. ಅರ್ಧ ಕಪ್ ಸಣ್ಣ ರವೆಗೆ ಎರಡು ಚಮಚ ಅಕ್ಕಿಹಿಟ್ಟು ಬೆರೆಸಿ, ಹೋಳನ್ನು ಎರಡೂ ಬದಿ ಅದರಲ್ಲಿ ಒತ್ತಿ. ಕಬ್ಬಿಣದ ಕಾವಲಿಗೆ ಎರಡು ಮೂರು ಚಮಚ ತೆಂಗಿನೆಣ್ಣೆ. ಹೊಗೆಯಾಡುವಷ್ಟು ಕಾಯಬಾರದು, ಒಂದು ಚಿಟಿಕೆ ರವೆ ಹಾಕಿದರೆ ಸುತ್ತ ಗುಳ್ಳೆ ಏಳಬೇಕು. ಒಂದು ಸಲಕ್ಕೆ ಮೂರು ಹೋಳು ಸಾಕು. ಬೇಗ ಮುಗಿಯಲಿ ಅಂತ ಆರು ತುರುಕಿದರೆ ಕಾವಲಿ ತಣ್ಣಗಾಗಿ ನೀರು ಬಿಟ್ಟು, ಫ್ರೈ ಹೋಗಿ ಗಸಿ ಆಗುತ್ತದೆ. ಹಾಕಿದ ಮೇಲೆ ಸುಮ್ನೆ ಬಿಡಿ, ಸಟ್ಟುಗದಲ್ಲಿ ಕೆದಕಬೇಡಿ. ಎರಡು ನಿಮಿಷಕ್ಕೆ ಅಂಚು ಬೆಳ್ಳಗಾಗಿ, ಎಣ್ಣೆ ಕೆಂಪಾಗಿ, ರವೆ ಹುರಿದ ಪರಿಮಳ ಬರುತ್ತದೆ. ಆಗ ಮಗುಚಿ. ಇನ್ನೊಂದು ಬದಿಗೂ ಎರಡು ನಿಮಿಷ. ಮುಚ್ಚಳ ಬೇಡ, ಕರಕರೆ ಹೋಗುತ್ತದೆ.

ಬೆಂದಿದೆಯಾ ಅಂತ ನೋಡಲು ದಪ್ಪ ಇರುವ ಹೋಳನ್ನು ನಡುವಲ್ಲಿ ಸೀಳಿ: ಗುಲಾಬಿ ಬಣ್ಣ ಇರಬಾರದು, ಬರುವ ರಸ ತಿಳಿಯಾಗಿರಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಕೋಳಿ ಜಾತಿಯ ಮಾಂಸದಲ್ಲಿ ಇದಕ್ಕೆ ರಿಯಾಯಿತಿ ಇಲ್ಲ, ಹಾಗೆಯೇ ಅಲ್ಲಿಗೆ ಮುಟ್ಟಿದ ಮೇಲೆ ಇನ್ನೊಂದು ನಿಮಿಷ ಇರಲಿ ಎನ್ನುವ ಆಸೆಯೂ ಬೇಡ. ಹಸಿ ಮಾಂಸ ಕತ್ತರಿಸಿದ ಹಲಗೆಯನ್ನು ಸೋಪು ಹಾಕಿ ತೊಳೆಯದೆ ಅದರ ಮೇಲೆ ನೀರುಳ್ಳಿ ಹೆಚ್ಚಬೇಡಿ.

ಕುಚ್ಚಲಕ್ಕಿ ಅನ್ನ, ತಿಳಿಸಾರು, ಬದಿಗೆ ನೀರುಳ್ಳಿ, ಒಂದು ತುಂಡು ಲಿಂಬೆ. ನೀರುದೋಸೆ ಇದ್ದರೆ ಅದರೊಟ್ಟಿಗೂ ಆಗುತ್ತದೆ. ಟರ್ಕಿ ಸಿಗದಿದ್ದರೆ ಸಾಮಾನ್ಯ ಕೋಳಿಯ ಎದೆಗೂ ಇದೇ ಕ್ರಮ. ಉಳಿದರೆ ಮರುದಿನ ಮತ್ತೆ ಕಾಯಿಸಲು ಹೋಗಬೇಡಿ, ಫ್ರಿಜ್ಜಿನಿಂದ ತೆಗೆದು ಸಣ್ಣಗೆ ಸಿಗಿದು, ಹಸಿಮೆಣಸು, ಲಿಂಬೆರಸ ಹಿಂಡಿ ಬೆಳಗ್ಗಿನ ಗಂಜಿಗೆ ನಂಜಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಅತ್ತೆ ಅದಕ್ಕೆಂದೇ ಎರಡು ಹೋಳು ಎತ್ತಿಡುತ್ತಾರೆ.